ಲಾರಾಳ ಹೆಜ್ಜೆ ಎಣಿಸಿ ನೋಡಿ

ಹಳೇ ವಿಡಿಯೊ ಗೇಮ್‌ಗಳ ಬಗ್ಗೆ ಓದುಗರ ಪ್ರಶ್ನೆ, ನನ್ನ ಉತ್ತರ

ಪ್ರಶ್ನೆ: ಮೇಡಂ, ನಾನು ಕಾಲೇಜಿನಲ್ಲಿದ್ದಾಗ ‘ಟೂಂಬ್ ರೈಡರ್’ ಮೊದಲ ಆಟವನ್ನು ಗೆಳೆಯನ ಮನೆಯಲ್ಲಿ ನೋಡಿದ್ದೆ, ಆಡಿರಲಿಲ್ಲ. 2024ರಲ್ಲಿ ಅದನ್ನೇ ಹೊಸದಾಗಿ ಬಿಟ್ಟರಲ್ಲ, ಅದನ್ನು ತಗೊಂಡೆ. ಆದರೆ ಆಟದ ನಾಯಕಿ ಲಾರಾ ಹೇಳಿದ ಮಾತು ಕೇಳುವುದೇ ಇಲ್ಲ. ಟ್ರ್ಯಾಕ್ಟರ್ ತಿರುಗಿದ ಹಾಗೆ ತಿರುಗುತ್ತಾಳೆ. ಒಂದು ಹಾರು ಹಾರಿಸಲು ಹತ್ತು ಸಲ ಬೀಳಿಸಿದ್ದೇನೆ. ಮಗಳು ‘ಅಪ್ಪಾ, ಈ ಆಟವೇ ಸರಿ ಇಲ್ಲ, ಬಿಡು’ ಅನ್ನುತ್ತಾಳೆ. ಬಿಟ್ಟುಬಿಡಲಾ?
– ಓದುಗರೊಬ್ಬರು, ದಾವಣಗೆರೆ

ಬಿಡಬೇಡಿ ಸರ್. ಇನ್ನೊಂದು ವಾರ ಕೊಡಿ. ನಿಮ್ಮ ಮಗಳು ಆಡಿರುವ ಈಗಿನ ಆಟಗಳಲ್ಲಿ ಕಂಟ್ರೋಲರ್ ಮೇಲಿನ ಕಡ್ಡಿಯನ್ನು (ಸ್ಟಿಕ್) ಯಾವ ಕಡೆ ತಳ್ಳುತ್ತೇವೋ ಆ ಕಡೆ ಪಾತ್ರ ಓಡುತ್ತದೆ. ಅಂಚು ಹತ್ತಿರ ಬಂದರೆ ಆಟವೇ ಕೈ ಹಿಡಿದು ದಾಟಿಸುತ್ತದೆ. 1996ರ ಲಾರಾಗೆ ಆ ಅಭ್ಯಾಸ ಇಲ್ಲ. ಆಗ ಪ್ಲೇಸ್ಟೇಷನ್ ಕಂಟ್ರೋಲರ್‌ನಲ್ಲಿ ಕಡ್ಡಿಯೇ ಇರಲಿಲ್ಲ, ಬರೀ ನಾಲ್ಕು ದಿಕ್ಕಿನ ಬಟನ್. ಎಡ ಬಲ ಒತ್ತಿದರೆ ನಿಂತಲ್ಲೇ ತಿರುಗುತ್ತಾಳೆ. ಮೇಲಿನದು ಒತ್ತಿದರೆ ಮುಖ ಇರುವ ಕಡೆ ಓಡುತ್ತಾಳೆ. ಅಷ್ಟೇ.

ಈಗ ನಿಜವಾದ ಗುಟ್ಟು ಹೇಳುತ್ತೇನೆ. ಲಾರಾ ನಿಂತಿರುವ ನೆಲವನ್ನು ಸರಿಯಾಗಿ ನೋಡಿ. ಗುಹೆ ಇರಲಿ, ಗುಡಿ ಇರಲಿ, ಇಡೀ ಜಗತ್ತು ಒಂದೇ ಅಳತೆಯ ಚೌಕಗಳಿಂದ ಕಟ್ಟಿದ್ದು. ಈ ಆಟ ತಯಾರಿಸಿದ, ಇಂಗ್ಲೆಂಡಿನ ಡರ್ಬಿಯಲ್ಲಿದ್ದ ಕೋರ್ ಡಿಸೈನ್ ತಂಡದವರು ಕಲ್ಲಿನ ದಿಮ್ಮಿ ಜೋಡಿಸಿದ ಹಾಗೆ ಅದನ್ನು ಜೋಡಿಸಿದರು. ಲಾರಾಳ ಮೈಯ ಅಳತೆಯೂ ಆ ಚೌಕಕ್ಕೇ ಹೊಂದಿಕೊಂಡಿದೆ. ನಿಂತಲ್ಲಿಂದ ಮುಂದಕ್ಕೆ ಹಾರಿದರೆ ಒಂದು ಚೌಕದ ಕಂದಕ ದಾಟುತ್ತಾಳೆ. ಓಡಿ ಬಂದು ಹಾರಿದರೆ ಎರಡು. ಓಡಿ ಹಾರಿ, ಗಾಳಿಯಲ್ಲಿರುವಾಗಲೇ ಆಕ್ಷನ್ ಬಟನ್ ಒತ್ತಿ ಹಿಡಿದು ಆಚೆ ಅಂಚಿಗೆ ಜೋತುಬಿದ್ದರೆ ಮೂರು. ಈ ಲೆಕ್ಕ ಆಟ ಮುಗಿಯುವವರೆಗೂ ಬದಲಾಗುವುದಿಲ್ಲ.

ಓಡಿ ಹಾರಲು ಎಷ್ಟು ದೂರ ಬೇಕು ಅನ್ನುವುದಕ್ಕೂ ದಾರಿ ಇದೆ. ನಡೆಯುವ ಬಟನ್ ಒತ್ತಿಕೊಂಡು ಅಂಚಿಗೆ ಹೋಗಿ. ನಡೆಯುವಾಗ ಲಾರಾ ಬೀಳುವುದಿಲ್ಲ, ತುದಿಯಲ್ಲಿ ತಾನೇ ನಿಲ್ಲುತ್ತಾಳೆ. ಈಗ ಆ ಬಟನ್ ಬಿಟ್ಟು, ಹಿಂದಿನ ಬಟನ್ ಒಂದು ಸಲ ಒತ್ತಿ. ಒಂದು ಕುಪ್ಪಳಿಸಿ ಹಿಂದೆ ಬರುತ್ತಾಳೆ. ಆ ಒಂದು ಕುಪ್ಪಳಿಕೆ ಸರಿಯಾಗಿ ಓಟಕ್ಕೆ ಬೇಕಾದಷ್ಟು ಜಾಗ. ಮುಂದೆ ಓಡಿಸಿ, ಕೂಡಲೇ ಹಾರುವ ಬಟನ್ ಒತ್ತಿ ಹಿಡಿದುಕೊಳ್ಳಿ. ತುದಿ ಬರಲಿ ಅಂತ ಕಾಯಬೇಡಿ. ನೀವು ಬೀಳುತ್ತಿರುವುದು ಬಹುಶಃ ಅಲ್ಲೇ. ಕಾಲು ಎಲ್ಲಿ ಊರಬೇಕು ಅನ್ನುವುದನ್ನು ಅವಳೇ ನೋಡಿಕೊಳ್ಳುತ್ತಾಳೆ.

ನನಗೆ ಇದನ್ನು ಕಲಿಸಿದ್ದು ಅಣ್ಣ. 1999, ಹಾಸನದ ನಮ್ಮ ಮನೆ. ಅವನ ಎಂಜಿನಿಯರಿಂಗ್ ಓದಿಗೆ ಅಂತ ಬಂದ ಕಂಪ್ಯೂಟರ್. ನಾನು ಆಗ ಎಂಟನೇ ಕ್ಲಾಸು. ಗ್ರೀಸ್ ಭಾಗದಲ್ಲಿ ಸೇಂಟ್ ಫ್ರಾನ್ಸಿಸ್ ಫಾಲಿ ಅಂತ ಒಂದು ಹಂತ ಬರುತ್ತದೆ. ಬಾವಿಯ ಹಾಗೆ ಆಳವಾದ ಒಂದು ಕೋಣೆ. ಗೋಡೆಯುದ್ದಕ್ಕೂ ಚಾಚಿಕೊಂಡ ಕಟ್ಟೆಗಳು. ನೆಪ್ಚೂನ್, ಅಟ್ಲಾಸ್, ಡ್ಯಾಮೊಕ್ಲಿಸ್, ಥಾರ್ ಅಂತ ಹೆಸರು ಬರೆದ ನಾಲ್ಕು ಬಾಗಿಲು. ಒಂದರಲ್ಲಿ ನೀರು, ಒಂದರಲ್ಲಿ ಉರುಳಿ ಬರುವ ಬಂಡೆ, ಒಂದರಲ್ಲಿ ತಲೆ ಮೇಲೆ ಬೀಳುವ ಕತ್ತಿ, ಒಂದರಲ್ಲಿ ಸಿಡಿಲು ಮತ್ತು ಸುತ್ತಿಗೆ. ನಾಲ್ಕು ಕಡೆಯಿಂದಲೂ ಒಂದೊಂದು ಬೀಗದ ಕೈ ತರಬೇಕು. ಜಾರಿ ತಳಕ್ಕೆ ಬಿದ್ದರೆ ಕಥೆ ಮುಗಿಯಿತು. ನಾನು ಅಳುವಷ್ಟು ಸಲ ಬಿದ್ದೆ. ಅಣ್ಣ ಸುಮ್ನೆ ಬಂದು ತನ್ನ ಗ್ರಾಫ್ ಹಾಳೆ ಕೊಟ್ಟ. ‘ಕುಂಟೆಬಿಲ್ಲೆ ಆಡ್ತೀಯಲ್ಲ, ಇದೂ ಅದೇ. ಮೊದಲು ಮನೆ ಎಣಿಸು, ಆಮೇಲೆ ಹಾರು’ ಅಂದ. ಪೆನ್ಸಿಲ್ಲಿನಲ್ಲಿ ಕಟ್ಟೆಗಳನ್ನು ಬರೆದುಕೊಂಡೆ. ಎಲ್ಲಿ ಎರಡು ಮನೆ, ಎಲ್ಲಿ ಮೂರು ಅಂತ ಗುರುತು ಹಾಕಿದೆ. ಮೂರನೇ ದಿನ ನಾಲ್ಕೂ ಕೀಲಿ ಕೈಗೆ ಬಂತು. ಆ ಹಾಳೆ ಇವತ್ತಿಗೂ ನನ್ನ ಹತ್ತಿರ ಇದೆ.

ಅವತ್ತಿನಿಂದ ಈ ಆಟದ ಮೇಲೆ ನನಗೆ ದೊಡ್ಡ ಗೌರವ. ನೀವು ಬಿದ್ದರೆ ಯಾಕೆ ಬಿದ್ದಿರಿ ಅಂತ ಯಾವಾಗಲೂ ಗೊತ್ತಾಗುತ್ತದೆ. ಎಣಿಕೆ ತಪ್ಪಿರುತ್ತದೆ, ಇಲ್ಲ ಮುಖ ಓರೆಯಾಗಿರುತ್ತದೆ. ಅದೃಷ್ಟದ ಮಾತೇ ಇಲ್ಲ. ಹೊಸ ಆವೃತ್ತಿಯ ಸೆಟ್ಟಿಂಗ್ಸ್‌ನಲ್ಲಿ ಈಗಿನ ರೀತಿಯ ಕಂಟ್ರೋಲ್ ಕೂಡ ಇದೆ. ಮಗಳು ಬೇಕಾದರೆ ಅದರಲ್ಲಿ ಆಡಲಿ. ನೀವು ಹಳೆಯದನ್ನೇ ಇಟ್ಟುಕೊಳ್ಳಿ. ಕಂಪ್ಯೂಟರಿನಲ್ಲಾದರೆ ಎಫ್1 ಒತ್ತಿ ನೋಡಿ, ಚಿತ್ರವೂ 1996ರ ಹಾಗೆ ಆಗುತ್ತದೆ. ಹೊಸ ಚಿತ್ರ ಚೆನ್ನಾಗಿದೆ ನಿಜ. ಆದರೆ ನೆಲದ ಚೌಕ ಎಣಿಸಲು ಹಳೆಯದೇ ನನಗೆ ಸುಲಭ.

ಪ್ರಶ್ನೆ: ಆಟದ ಶುರುವಿನಲ್ಲಿ ಕಲ್ಕತ್ತಾ ಅಂತ ಬರುತ್ತದೆ. ಲಾರಾ ಮುಂದೆ ನಮ್ಮ ದೇಶಕ್ಕೆ ಬರುತ್ತಾಳಾ?
– ಓದುಗರೊಬ್ಬರು, ಧಾರವಾಡ

ಮೊದಲ ಆಟದಲ್ಲಿ ಆ ಹೋಟೆಲಿನ ದೃಶ್ಯ ಅಷ್ಟೇ. ನಾಟ್ಲಾ ಎಂಬಾಕೆ ಅಲ್ಲಿ ಲ್ಯಾಪ್‌ಟಾಪ್ ಪರದೆಯಲ್ಲಿ ಮಾತಾಡಿ ಕೆಲಸ ಒಪ್ಪಿಸುತ್ತಾಳೆ. ಅಲ್ಲಿಂದ ನೇರ ಪೆರು, ಆಮೇಲೆ ಗ್ರೀಸ್, ಈಜಿಪ್ಟ್, ಕೊನೆಗೆ ಅಟ್ಲಾಂಟಿಸ್.

ಭಾರತ ಬರುವುದು 1998ರ ಮೂರನೇ ಆಟದಲ್ಲಿ. ನಿಮ್ಮ ಹತ್ತಿರ ಇರುವುದು ಹೊಸ ಆವೃತ್ತಿಯಾದರೆ ಮೊದಲ ಮೂರೂ ಒಟ್ಟಿಗೇ ಇವೆ. ಕಾಡು, ಪಾಳು ಗುಡಿ, ಗಂಗಾ ನದಿ. ಹುಲಿ ಮೈ ಮೇಲೆ ಬರುತ್ತದೆ. ಕೋತಿಗಳು ನೀವು ತಗೊಳ್ಳಬೇಕಾದ ಔಷಧಿ ಡಬ್ಬಿಯನ್ನು ಎತ್ತಿಕೊಂಡು ಓಡುತ್ತವೆ. ಚಾಮುಂಡಿ ಬೆಟ್ಟದಲ್ಲಿ ಬಾಳೆಹಣ್ಣು ಕಳಕೊಂಡವರಿಗೆ ಇದು ಹೊಸದಲ್ಲ ಅಲ್ವಾ! ಗುಡಿಯೊಳಗೆ ಕೈಕೈಯಲ್ಲೂ ಕತ್ತಿ ಹಿಡಿದ ಕಲ್ಲಿನ ವಿಗ್ರಹ ಜೀವ ಬಂದು ಎದ್ದು ಬರುತ್ತದೆ. ಅದಕ್ಕೆ ಅವರು ಶಿವ ಅಂತ ಹೆಸರಿಟ್ಟಿದ್ದಾರೆ. ಹಳೇಬೀಡಿನ ಶಿವನನ್ನು ನೋಡಿ ಬೆಳೆದ ನನಗೆ ಅದು ಒಪ್ಪಲಿಲ್ಲ, ಇವತ್ತಿಗೂ ಒಪ್ಪುವುದಿಲ್ಲ. ದೇವರಿಗೆ ಗುಂಡು ಹೊಡೆಯಲು ಕೈ ಬರಲಿಲ್ಲ. ಅಣ್ಣನ ಕೈಗೆ ಕೀಬೋರ್ಡ್ ಕೊಟ್ಟು ಎದ್ದು ಹೋಗಿದ್ದೆ. ಕಾಡು ಮಾತ್ರ ಬಹಳ ಇಷ್ಟ.

ಪ್ರಶ್ನೆ: ನನಗೆ ಹನ್ನೊಂದು ವರ್ಷ. ಪೆರುವಿನ ಕಣಿವೆಯಲ್ಲಿ ದೊಡ್ಡ ಡೈನೋಸಾರ್ ಒಂದೇ ಬಾಯಿಗೆ ಲಾರಾಳನ್ನು ಹಿಡಿದು ಸಾಯಿಸುತ್ತದೆ. ಏನು ಮಾಡಲಿ ಆಂಟಿ?
– ಪುಟ್ಟ ಓದುಗ, ಪುತ್ತೂರು

ಅದು ಟಿ. ರೆಕ್ಸ್ ಪುಟ್ಟಾ. ನಾನೂ ಮೊದಲ ಸಲ ಹೆದರಿ ಕುರ್ಚಿಯಿಂದ ಎದ್ದಿದ್ದೆ. ಅಲ್ಲಿವರೆಗೆ ಆಟದಲ್ಲಿ ಹೆಚ್ಚಾಗಿ ಬರೀ ಗಾಳಿ ಸದ್ದು, ಹೆಜ್ಜೆ ಸದ್ದು. ಇದ್ದಕ್ಕಿದ್ದ ಹಾಗೆ ಸಂಗೀತ ಶುರುವಾಗಿ ಅದು ಕತ್ತಲೆಯಿಂದ ಓಡಿ ಬರುತ್ತದೆ.

ಬಯಲಿನಲ್ಲಿ ನಿಂತು ಅದರ ಜೊತೆ ಗುದ್ದಾಡಬೇಡ. ಅದು ದೊಡ್ಡದು, ಸಣ್ಣ ಸಂದಿಯೊಳಗೆ ಬರಲಾರದು. ಬಂಡೆಯಲ್ಲಿ ಕಿರಿದಾದ ಜಾಗ ಹುಡುಕಿ ಒಳಗೆ ನಿಂತುಕೋ. ಅಲ್ಲಿಂದ ಪಿಸ್ತೂಲು ಹೊಡೆಯುತ್ತಲೇ ಇರು. ಆ ಎರಡು ಪಿಸ್ತೂಲಿಗೆ ಗುಂಡು ಯಾವತ್ತೂ ಖಾಲಿಯಾಗುವುದಿಲ್ಲ, ಅದಕ್ಕೇ ಆತುರ ಬೇಡ. ಅದು ಬಿದ್ದ ಮೇಲೆ ಕಣಿವೆಯನ್ನು ನಿಧಾನವಾಗಿ ಸುತ್ತು. ಮೂರು ಹಲ್ಲಿನ ಚಕ್ರ ಹುಡುಕಿ ಮೇಲಿರುವ ಯಂತ್ರಕ್ಕೆ ಹಾಕಬೇಕು. ಆಗ ಜಲಪಾತದ ನೀರು ಬೇರೆ ಕಡೆ ತಿರುಗುತ್ತದೆ. ಮುಂದಿನ ಬಾಗಿಲು ಎಲ್ಲಿ ಅಂತ ಹೇಳುವುದಿಲ್ಲ, ಅದನ್ನು ನೀನೇ ಕಂಡುಹಿಡಿ. ಕಣಿವೆಗೆ ಕಾಲಿಡುವ ಮೊದಲು ಒಂದು ಸಲ ಸೇವ್ ಮಾಡಿಕೋ.