ಇನ್ಸುಲಿನ್ ಕೊಟ್ಟರೂ ಸಕ್ಕರೆ ಇಳಿಯುತ್ತಿಲ್ಲ: ದೋಷ ಔಷಧ ಅಂಗಡಿಯದೇ?

ಪ್ರಶ್ನೆ: ನಮ್ಮದು ಜಗಳೂರು ತಾಲ್ಲೂಕಿನ ಒಂದು ಹಳ್ಳಿ. ತಂದೆಯವರಿಗೆ 68 ವರ್ಷ. ದಿನಕ್ಕೆರಡು ಬಾರಿ ಇನ್ಸುಲಿನ್ ಕೊಡುತ್ತಿದ್ದೇವೆ. ತಿಂಗಳಿಗೊಮ್ಮೆ ದಾವಣಗೆರೆಯಿಂದ ಸೀಸೆ, ಸಿರಿಂಜುಗಳನ್ನು ಬಸ್ಸಿನಲ್ಲಿ ತರುತ್ತೇನೆ. ಅಂಗಡಿಯವರು ಅವನ್ನು ಸಾದಾ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿಕೊಡುತ್ತಾರೆ. ಬೇಸಿಗೆಯಿಂದೀಚೆಗೆ ಡೋಸ್ ಅದೇ ಇದ್ದರೂ ಸಕ್ಕರೆ ಇಳಿಯುತ್ತಿಲ್ಲ. ಔಷಧ ಕೆಟ್ಟಿದೆಯೇ? ಒಳ್ಳೆಯ ಅಂಗಡಿಯನ್ನು ಗುರುತಿಸುವುದು ಹೇಗೆ?

ಉತ್ತರ: ನೀವು ಬಿಸಿಲನ್ನು ಅನುಮಾನಿಸಿದ್ದೀರಿ. ನಾನು ಮೊದಲು ಸಿರಿಂಜನ್ನು ಅನುಮಾನಿಸುತ್ತೇನೆ. ನಮ್ಮಲ್ಲಿ ಸೀಸೆಯ ಇನ್ಸುಲಿನ್ ಹೆಚ್ಚಾಗಿ ಒಂದು ಮಿಲಿಲೀಟರಿಗೆ 40 ಯೂನಿಟ್ ಶಕ್ತಿಯದು. ಅದಕ್ಕೆ ಕೆಂಪು ಮುಚ್ಚಳದ, 40 ಎಂದು ಬರೆದ ಸಿರಿಂಜ್ ಬೇಕು. ಕಿತ್ತಳೆ ಮುಚ್ಚಳದ ಸಿರಿಂಜ್ 100 ಯೂನಿಟ್ ಶಕ್ತಿಯ ಇನ್ಸುಲಿನ್‌ಗೆ ಮೀಸಲು. 40ರ ಸೀಸೆಯಿಂದ 100ರ ಸಿರಿಂಜಿಗೆ 20ರ ಗೆರೆಯವರೆಗೆ ಎಳೆದರೆ ದೇಹಕ್ಕೆ ಸೇರುವುದು ಬರೀ 8 ಯೂನಿಟ್. ಔಷಧ ಚೊಕ್ಕವಾಗಿದ್ದರೂ ಸಕ್ಕರೆ ಇಳಿಯುವುದಿಲ್ಲ. ಇದು ತಿರುಗುಮುರುಗಾದರೆ, ಅಂದರೆ 100ರ ಸೀಸೆಗೆ 40ರ ಸಿರಿಂಜ್ ಬಳಸಿದರೆ, ಎರಡೂವರೆ ಪಟ್ಟು ಔಷಧ ಒಳಗೆ ಹೋಗಿ ಪ್ರಾಣಕ್ಕೇ ಕುತ್ತಾಗಬಹುದು. ಆದ್ದರಿಂದ ಸೀಸೆ ಮತ್ತು ಸಿರಿಂಜ್‌ಗಳನ್ನು ಒಟ್ಟಿಗಿಟ್ಟು ಸಂಖ್ಯೆಗಳನ್ನು ತಾಳೆ ನೋಡಿ ಕೊಡುವುದು ಫಾರ್ಮಾಸಿಸ್ಟರ ಕೆಲಸ. ಕೇಳದೆಯೇ ಅದನ್ನು ಮಾಡುವ ಅಂಗಡಿಯನ್ನು ನಾನು ಧೈರ್ಯವಾಗಿ ಒಳ್ಳೆಯ ಅಂಗಡಿ ಎನ್ನುತ್ತೇನೆ.

ಇನ್ನು ಬಿಸಿಲಿನ ಮಾತು. ಬಳಸಲು ಆರಂಭಿಸದ ಇನ್ಸುಲಿನ್ 2ರಿಂದ 8 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿರಬೇಕು. ಬಳಕೆಯಲ್ಲಿರುವ ಸೀಸೆಯನ್ನು ಸಾಮಾನ್ಯವಾಗಿ ನಾಲ್ಕು ವಾರಗಳವರೆಗೆ ಮನೆಯ ತಂಪು ಜಾಗದಲ್ಲಿಡಬಹುದು; ಎಷ್ಟು ಡಿಗ್ರಿಯೊಳಗೆ ಎಂಬುದು ಅದರ ಜೊತೆಗಿರುವ ಕಾಗದದಲ್ಲಿರುತ್ತದೆ. ಹಾಗಾಗಿ ದಾವಣಗೆರೆಯಿಂದ ಜಗಳೂರಿನವರೆಗಿನ ಬಸ್ ಪ್ರಯಾಣವೊಂದರಿಂದಲೇ ಔಷಧ ಕೆಟ್ಟಿತೆಂದು ಹೇಳಲಾರೆ. ಏಪ್ರಿಲ್ ಮಧ್ಯಾಹ್ನ ಬೈಕಿನ ಡಿಕ್ಕಿಯಲ್ಲಿ ಬಿಟ್ಟಿದ್ದರೆ ಮಾತು ಬೇರೆ. ಫ್ರಿಜ್ ಇಲ್ಲದ ಮನೆಯಲ್ಲಿ ಸೀಸೆಯನ್ನು ಬಿಗಿ ಮುಚ್ಚಳದ ಡಬ್ಬಿಯಲ್ಲಿ ಹಾಕಿ, ನೀರು ತುಂಬಿದ ಮಣ್ಣಿನ ಮಡಕೆಯಲ್ಲಿಟ್ಟು ನೆರಳಿನಲ್ಲಿಡುವುದು ನಮ್ಮ ಕಡೆ ಚೆನ್ನಾಗಿ ನಡೆಯುವ ಉಪಾಯ.

ಶಾಖಕ್ಕಿಂತ ಹೆಚ್ಚಾಗಿ ಜನ ಗಮನಿಸದ ಶತ್ರು ಹೆಪ್ಪುಗಟ್ಟುವ ಚಳಿ. ಐಸ್ ಗಡ್ಡೆಗೆ ನೇರವಾಗಿ ಒತ್ತಿಟ್ಟ ಅಥವಾ ಫ್ರೀಜರ್ ಗೋಡೆಗೆ ತಾಗಿದ ಇನ್ಸುಲಿನ್ ಒಮ್ಮೆ ಹೆಪ್ಪುಗಟ್ಟಿದರೆ ಕರಗಿದ ಮೇಲೂ ಬಳಸಲು ಯೋಗ್ಯವಲ್ಲ, ಮತ್ತು ಆ ಹಾನಿ ಎಷ್ಟೋ ಸಲ ಕಣ್ಣಿಗೆ ಕಾಣುವುದಿಲ್ಲ. ಅಂಗಡಿಯ ಫ್ರಿಜ್‌ನಲ್ಲಿ ತಾಪಮಾಪಕ ಇದೆಯೇ, ವಿದ್ಯುತ್ ಕೈಕೊಟ್ಟಾಗ ಏನು ವ್ಯವಸ್ಥೆ ಎಂದು ಕೇಳಲು ಸಂಕೋಚ ಬೇಡ. ಮಧ್ಯಾಹ್ನದ ಮೊಸರಿನ ಡಬ್ಬಿ ಮತ್ತು ನೀರಿನ ಬಾಟಲಿಗಳ ನಡುವೆ ಇನ್ಸುಲಿನ್ ಇಟ್ಟಿರುವ ಫ್ರಿಜ್ ದಿನಕ್ಕೆ ನೂರು ಸಲ ತೆರೆಯುತ್ತದೆ ಎಂಬುದನ್ನು ನೀವೇ ಊಹಿಸಬಹುದು.

ಗೋಡೆಯ ಮೇಲೂ ಕಣ್ಣಾಡಿಸಿ. 1945ರ ಔಷಧ ನಿಯಮಗಳ ಪ್ರಕಾರ ಚಿಲ್ಲರೆ ಅಂಗಡಿಗೆ 20ನೇ ನಮೂನೆಯ ಪರವಾನಗಿಯೊಂದಿಗೆ, ಇನ್ಸುಲಿನ್‌ನಂಥ ಜೈವಿಕ ಔಷಧಗಳನ್ನು ಮಾರಲು 21ನೇ ನಮೂನೆಯದೂ ಇರಬೇಕು. ನೋಂದಾಯಿತ ಫಾರ್ಮಾಸಿಸ್ಟರ ಪ್ರಮಾಣಪತ್ರ ತೂಗುಹಾಕಿ, ವ್ಯಕ್ತಿ ಮಾತ್ರ ಎಂದೂ ಕಾಣಿಸದ ಅಂಗಡಿಗಳಿವೆ. ಚೀಟಿ ಓದುತ್ತಿರುವವರು ಯಾರೆಂದು ಕೇಳುವುದು ನಿಮ್ಮ ಹಕ್ಕು.

ಬ್ಯಾಚ್ ನಂಬರ್ ಮತ್ತು ಮುಕ್ತಾಯದ ತಿಂಗಳು ಇರುವ ಬಿಲ್ಲನ್ನು ತಪ್ಪದೆ ಪಡೆಯಿರಿ. ಬರೀ ತಿಂಗಳು, ವರ್ಷ ಮುದ್ರಿತವಾಗಿದ್ದರೆ ಆ ತಿಂಗಳ ಕೊನೆಯ ದಿನದವರೆಗೆ ಔಷಧ ಬಳಸಬಹುದು. ಔಷಧದ ಗುಣಮಟ್ಟದ ಬಗ್ಗೆ ನಿಜವಾದ ಅನುಮಾನವಿದ್ದರೆ, 1940ರ ಔಷಧ ಮತ್ತು ಸೌಂದರ್ಯವರ್ಧಕ ಕಾಯ್ದೆಯ 26ನೇ ಕಲಮಿನಂತೆ, ಕೊಂಡವರೇ ನಿಗದಿತ ಶುಲ್ಕ ಕಟ್ಟಿ ಅದನ್ನು ಸರ್ಕಾರಿ ವಿಶ್ಲೇಷಕರಿಂದ ಪರೀಕ್ಷೆ ಮಾಡಿಸಬಹುದು. ಆಗ ಬೇಕಾಗುವುದು ಆ ಬಿಲ್ಲು ಮತ್ತು ಅದೇ ಬ್ಯಾಚಿನ ಒಡೆಯದ ಸೀಸೆ. ಅರ್ಧ ಬಳಸಿದ ಸೀಸೆಯಿಂದ ಏನನ್ನೂ ಸಾಧಿಸುವುದು ಕಷ್ಟ.

ಸದ್ಯಕ್ಕೆ ಸೀಸೆ, ಸಿರಿಂಜ್ ಎರಡನ್ನೂ ವೈದ್ಯರ ಬಳಿಗೆ ಒಯ್ದು, ನೀವು ಔಷಧ ಎಳೆಯುವ ರೀತಿಯನ್ನು ಅವರೆದುರೇ ಮಾಡಿ ತೋರಿಸಿ. ಒಂದೇ ಜಾಗಕ್ಕೆ ಪದೇ ಪದೇ ಚುಚ್ಚಿ ಚರ್ಮದಡಿ ಗಂಟಾಗಿದೆಯೇ ಎಂದೂ ಅವರು ನೋಡಲಿ. ಅಂಥ ಗಂಟಿನಿಂದ ಇನ್ಸುಲಿನ್ ಸರಿಯಾಗಿ ರಕ್ತಕ್ಕೆ ಸೇರುವುದಿಲ್ಲ. ನೀವಾಗಿ ಡೋಸ್ ಏರಿಸಬೇಡಿ. ತಪ್ಪಾಗಿದ್ದುದು ಸಿರಿಂಜೇ ಆಗಿದ್ದು, ಏರಿಸಿದ ಡೋಸನ್ನು ಮುಂದೊಂದು ದಿನ ಸರಿಯಾದ ಸಿರಿಂಜಿನಿಂದ ಕೊಟ್ಟರೆ ಸಕ್ಕರೆ ಒಮ್ಮೆಲೇ ಕುಸಿಯುತ್ತದೆ. ತಂದೆಯವರು ಬೆವರಿ, ನಡುಗಿ, ತಡವರಿಸಿ ಮಾತನಾಡತೊಡಗಿದರೆ, ನುಂಗುವಷ್ಟು ಎಚ್ಚರವಿದ್ದಾಗಲೇ ಸಕ್ಕರೆ ನೀರು ಕುಡಿಸಿ; ಎಚ್ಚರ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕದೆ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ.