ಅಂಚೆಪೆಟ್ಟಿಗೆ: ನಿಮ್ಮ ಮೊಮ್ಮಗಳು ಫೇಲಾಗಿಲ್ಲ

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂಡಿನೋವಿನವು. ಅವಕ್ಕೆ ಕಳೆದ ಸಂಚಿಕೆಯಲ್ಲೇ ಉತ್ತರಿಸಿದ್ದೇನೆ, ಮಂಡಿಯೇನೂ ಅಷ್ಟರಲ್ಲಿ ಬದಲಾಗಿಲ್ಲ. ಉಳಿದವುಗಳಲ್ಲಿ ನಾಲ್ಕನ್ನು ಆರಿಸಿಕೊಂಡಿದ್ದೇನೆ. ನಾಲ್ಕೂ ಒಂದೇ ವಿಷಯದ ಸುತ್ತ ಇರುವುದು ಕಾಕತಾಳೀಯವಲ್ಲ. ಮೊದಲ ಮತ್ತು ಕೊನೆಯ ಪತ್ರಗಳು ಒಂದೇ ಮನೆಯಿಂದ ಬಂದವು.

ಪ್ರಶ್ನೆ: ನನ್ನ ಮಗಳ ಮಗಳು ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಡಾಕ್ಟರ್. ಹೆಸರಿನ ಮುಂದೆ ಎಂ.ಡಿ. ಇಲ್ಲ, ಡಿ.ಓ. ಎಂದಿದೆ. ಕೊಪ್ಪದಲ್ಲಿ ನೆಂಟರ ಮದುವೆಯ ಪಂಕ್ತಿಯಲ್ಲಿ ಪಕ್ಕದವರೊಬ್ಬರು, ‘ಅದು ಮೂಳೆ ನೀವುವವರ ಕೋರ್ಸು, ಎಂ.ಡಿ. ಸಿಗದವರು ಓದುವುದು’ ಎಂದರು. ಪಾಯಸ ಗಂಟಲಲ್ಲಿ ಇಳಿಯಲಿಲ್ಲ. ಸಾಲದ್ದಕ್ಕೆ ಮೊಮ್ಮಗಳು ಫೋನಿನಲ್ಲಿ, ‘ಅಜ್ಜಯ್ಯ, ಅಕ್ಟೋಬರ್ ಒಳಗೆ ನೂರು ಗಂಟೆ ಮುಗಿಸಬೇಕು, ಇಲ್ಲದಿದ್ದರೆ ಲೈಸೆನ್ಸ್ ನವೀಕರಣವಾಗುವುದಿಲ್ಲ’ ಎಂದಳು. ಓದಿನಲ್ಲಿ ಏನಾದರೂ ಬಾಕಿ ಉಳಿದಿದೆಯೇ? — ನಿವೃತ್ತ ಶಿಕ್ಷಕರು, ತೀರ್ಥಹಳ್ಳಿ ತಾಲ್ಲೂಕು

ಉತ್ತರ: ಮೇಷ್ಟರೇ, ಮೊದಲು ಪಾಯಸದ ವಿಷಯ. ಪಕ್ಕದ ಎಲೆಯವರದು ಪೂರ್ತಿ ತಪ್ಪಲ್ಲ, ನೂರೈವತ್ತು ವರ್ಷ ಹಳೆಯದು ಅಷ್ಟೇ.

ಡಿ.ಓ. ಎಂಬ ಎರಡಕ್ಷರ ನಮ್ಮಲ್ಲಿ ಮಾಡುವ ಗೊಂದಲ ಒಂದೆರಡಲ್ಲ. ಎಲ್‌ಐಸಿಯಲ್ಲಿ ಡಿ.ಓ. ಎಂದರೆ ಅಭಿವೃದ್ಧಿ ಅಧಿಕಾರಿ. ಸರ್ಕಾರಿ ಕಚೇರಿಯಲ್ಲಿ ಡಿ.ಓ. ಎಂದರೆ ಮೇಲಧಿಕಾರಿ ಹೆಸರು ಹಿಡಿದು ಬರೆಯುವ ಪತ್ರ. ನಾನು ಓದುವಾಗ ಡಿ.ಓ. ಎಂದರೆ ಕಣ್ಣಿನ ವೈದ್ಯರ ಡಿಪ್ಲೊಮಾ. ನಿಮ್ಮ ಮೊಮ್ಮಗಳದು ಇದಾವುದೂ ಅಲ್ಲ, ಡಾಕ್ಟರ್ ಆಫ್ ಆಸ್ಟಿಯೋಪಥಿಕ್ ಮೆಡಿಸಿನ್.

ಈ ಪದ್ಧತಿಯನ್ನು 1874ರಲ್ಲಿ ಶುರು ಮಾಡಿದವರು ಆಂಡ್ರ್ಯೂ ಟೇಲರ್ ಸ್ಟಿಲ್ ಎಂಬ ವೈದ್ಯರು. 1864ರಲ್ಲಿ ಮಿದುಳುಪೊರೆಯ ಉರಿಯೂತಕ್ಕೆ ಅವರ ಮೂರು ಮಕ್ಕಳು ಬಲಿಯಾದರು. ಪಾದರಸ, ಅಫೀಮುಗಳನ್ನೇ ಔಷಧಿ ಎಂದು ಕುಡಿಸುತ್ತಿದ್ದ ಕಾಲ ಅದು. ಆ ಔಷಧಿಗಳ ಮೇಲೆ ಅವರಿಗೆ ನಂಬಿಕೆ ಹೋಯಿತು. ಮೂಳೆ, ಕೀಲು, ಸ್ನಾಯುಗಳನ್ನು ಕೈಯಿಂದ ಸರಿಪಡಿಸಿದರೆ ದೇಹ ತನ್ನನ್ನು ತಾನು ಗುಣಪಡಿಸಿಕೊಳ್ಳುತ್ತದೆ ಎಂದರು, 1892ರಲ್ಲಿ ಮಿಸೌರಿಯ ಕರ್ಕ್ಸ್‌ವಿಲ್‌ನಲ್ಲಿ ಶಾಲೆ ತೆರೆದರು. ಮದುವೆ ಮನೆಯವರ ತಿಳಿವಳಿಕೆ ಬಹುಶಃ ಅಲ್ಲಿಗೆ ನಿಂತಿದೆ. ಅವರ ಕಣ್ಣಮುಂದೆ ಬಂದದ್ದು ಊರೂರಿನ ‘ಪುತ್ತೂರು ಕಟ್ಟು’ ಬೋರ್ಡು.

ಶಾಲೆ ಅಲ್ಲಿಗೆ ನಿಲ್ಲಲಿಲ್ಲ. ಔಷಧಶಾಸ್ತ್ರ ಬಂತು, ಶಸ್ತ್ರಚಿಕಿತ್ಸೆ ಬಂತು. ಇಂದು ಡಿ.ಓ. ಓದುವವರು ಪದವಿಯ ನಂತರ ನಾಲ್ಕು ವರ್ಷ ವೈದ್ಯಕೀಯ ಓದುತ್ತಾರೆ, ಅಲ್ಲಿನ ಎಂ.ಡಿ.ಯವರಂತೆಯೇ (ನಮ್ಮ ಎಂ.ಬಿ.ಬಿ.ಎಸ್.ನಂತೆ ಅಲ್ಲಿ ಎಂ.ಡಿ.ಯೇ ಮೊದಲ ವೈದ್ಯ ಪದವಿ). ಅದರ ಜೊತೆಗೆ ಕೈಚಿಕಿತ್ಸೆಯ ಪಾಠ ಹೆಚ್ಚುವರಿ. ಆಮೇಲೆ ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತಲೇ ಪಡೆಯುವ ರೆಸಿಡೆನ್ಸಿ ತರಬೇತಿಗೆ 2020ರಿಂದ ಇಬ್ಬರಿಗೂ ಒಂದೇ ಮಾನ್ಯತಾ ವ್ಯವಸ್ಥೆ. ಐವತ್ತೂ ರಾಜ್ಯಗಳಲ್ಲಿ ಅವರು ಔಷಧಿ ಬರೆಯಬಹುದು, ಹೊಟ್ಟೆ ಕೊಯ್ಯಬಹುದು, ಹೃದಯ ನೋಡಬಹುದು. ಅಮೆರಿಕದ ಅಧ್ಯಕ್ಷರಾಗಿದ್ದ ಜೋ ಬೈಡನ್ ಅವರ ವೈದ್ಯರಾಗಿದ್ದ ಕೆವಿನ್ ಓ’ಕಾನರ್ ಡಿ.ಓ. ಪದವೀಧರರು. ಮುಂದಿನ ಪಂಕ್ತಿಯಲ್ಲಿ ಇದೊಂದನ್ನು ಹೇಳಿ, ಸಾಕು. (1962ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ 65 ಡಾಲರ್ ಶುಲ್ಕ ಕಟ್ಟಿದ ಡಿ.ಓ.ಗಳಿಗೆ ಎಂ.ಡಿ. ಎಂದು ಬರೆದುಕೊಳ್ಳಲು ಅವಕಾಶ ಕೊಟ್ಟಿದ್ದರು. ಎರಡು ಪದವಿಗಳ ನಡುವಿನ ಅಂತರ ಎಷ್ಟಿತ್ತು ಎಂಬುದಕ್ಕೆ ಇದಕ್ಕಿಂತ ಚೊಕ್ಕ ಲೆಕ್ಕ ನನಗೆ ಸಿಕ್ಕಿಲ್ಲ.)

ಇನ್ನು ನೂರು ಗಂಟೆ. ಏನೂ ಬಾಕಿ ಉಳಿದಿಲ್ಲ, ಮೊಮ್ಮಗಳು ಫೇಲಾಗಿಲ್ಲ. ನೀವು ನಲಿ-ಕಲಿ ತರಬೇತಿಗೆ ಬುತ್ತಿ ಕಟ್ಟಿಕೊಂಡು ಹೋಗುತ್ತಿದ್ದಾಗ ಟಿ.ಸಿ.ಎಚ್. ಫೇಲಾಗಿದ್ದಿರೇನು? ಇದೂ ಅದೇ ಜಾತಿಯದು. ನಿರಂತರ ವೈದ್ಯಕೀಯ ಶಿಕ್ಷಣ, ವೈದ್ಯರ ಬಾಯಲ್ಲಿ ಸಿ.ಎಂ.ಇ.

ಅಮೆರಿಕದಲ್ಲಿ ಪರವಾನಗಿ ಕೊಡುವುದು ರಾಜ್ಯ. ಪೆನ್ಸಿಲ್ವೇನಿಯಾದಲ್ಲಿ ಡಿ.ಓ.ಗಳಿಗೆ ಪ್ರತ್ಯೇಕ ಮಂಡಳಿಯೇ ಇದೆ. ಪರವಾನಗಿಯ ಅವಧಿ ಎರಡು ವರ್ಷ, ಮುಗಿಯುವುದು ಸಮ ಸಂಖ್ಯೆಯ ವರ್ಷದ ಅಕ್ಟೋಬರ್ 31ಕ್ಕೆ. ಅಷ್ಟರಲ್ಲಿ 100 ಕ್ರೆಡಿಟ್ ಗಂಟೆ ಆಗಿರಬೇಕು. ಅದರಲ್ಲಿ ಕನಿಷ್ಠ 20 ಗಂಟೆ ‘1-ಎ’ ವರ್ಗದ್ದಾಗಿರಬೇಕು. ಅಮೆರಿಕನ್ ಆಸ್ಟಿಯೋಪಥಿಕ್ ಅಸೋಸಿಯೇಷನ್‌ನವರು ಗಂಟೆಗಳನ್ನೂ ನಾವು ಅಡಿಕೆಯನ್ನು ಹಸ, ಬೆಟ್ಟೆ, ರಾಶಿ ಎಂದು ಆರಿಸಿದಂತೆ ಆರಿಸಿಟ್ಟಿದ್ದಾರೆ. ಅವರ ಮಾನ್ಯತೆ ಪಡೆದ ಸಂಸ್ಥೆ ನಡೆಸುವ ಪಾಠಕ್ಕೆ ಕೂತು ಕೇಳಿದರೆ 1-ಎ. ತಾನೇ ಕಿರಿಯರಿಗೆ ಪಾಠ ಹೇಳಿದರೆ, ಲೇಖನ ಬರೆದರೆ 1-ಬಿ. ಎಂ.ಡಿ.ಗಳ ಕಡೆಯ ಸಂಸ್ಥೆಗಳು ನಡೆಸುವ ಪಾಠ 2-ಎ. ಮನೆಯಲ್ಲಿ ಕೂತು ವೈದ್ಯಕೀಯ ಪತ್ರಿಕೆ ಓದಿದರೆ 2-ಬಿ. ಅದೇ ಆಸ್ಪತ್ರೆಯ ಎಂ.ಡಿ.ಗೂ ಎರಡು ವರ್ಷಕ್ಕೆ 100 ಗಂಟೆಯೇ. ಗಡಿ ದಾಟಿದರೆ ಮಾತ್ರ ಲೆಕ್ಕ ಬೇರೆ. ಫ್ಲಾರಿಡಾದ ಡಿ.ಓ.ಗೆ ಎರಡು ವರ್ಷಕ್ಕೆ 40 ಗಂಟೆ, ಮಿಷಿಗನ್‌ನವರಿಗೆ ಮೂರು ವರ್ಷಕ್ಕೆ 150.

ನನಗೆ ಹಿಡಿಸಿದ್ದು ನೂರರ ಸಂಖ್ಯೆಯಲ್ಲ, ಅದರ ಹೊಟ್ಟೆಯೊಳಗಿನ ಸಣ್ಣ ಗಂಟೆಗಳು. ಮಕ್ಕಳ ಮೇಲಿನ ದೌರ್ಜನ್ಯವನ್ನು ಗುರುತಿಸುವುದು ಹೇಗೆ ಎಂದು 2 ಗಂಟೆ ಕಡ್ಡಾಯ. ನೋವಿಗೆ ಅಫೀಮು ವರ್ಗದ ಮಾತ್ರೆ ಬರೆಯುವ ಎಚ್ಚರದ ಬಗ್ಗೆ 2 ಗಂಟೆ. 2023ರ ಜೂನ್‌ನಿಂದ ಅಲ್ಲಿನ ಕೇಂದ್ರ ಸರ್ಕಾರದ್ದೂ ಒಂದು ಸೇರಿದೆ: ನಿಯಂತ್ರಿತ ಔಷಧಿ ಬರೆಯುವ ವೈದ್ಯರೆಲ್ಲ ಜೀವಮಾನದಲ್ಲಿ ಒಮ್ಮೆ ವ್ಯಸನದ ಚಿಕಿತ್ಸೆಯ ಬಗ್ಗೆ 8 ಗಂಟೆ ಕಲಿಯಬೇಕು. ಆ ಮಾತ್ರೆಗಳಿಂದ ಅಲ್ಲಿ ಮನೆಗಳೇ ಹಾಳಾದವು, ಆದ್ದರಿಂದ ಕಲಿಯಿರಿ ಎಂದರು. ಊರಿನ ಕಾಯಿಲೆ ನೋಡಿ ಪಾಠ ಇಡುವುದು ಎಂದರೆ ಇದು. ಮುಂದಿನ ಉತ್ತರದಲ್ಲಿ ಮತ್ತೆ ಇಲ್ಲಿಗೇ ಬರುತ್ತೇನೆ.

ಪ್ರಶ್ನೆ: ನಮ್ಮೂರ ಡಾಕ್ಟರು ಆಗಾಗ ಭಾನುವಾರ ‘ಸಿ.ಎಂ.ಇ. ಇದೆ’ ಎಂದು ಚೀಟಿ ಅಂಟಿಸಿ ಶಿವಮೊಗ್ಗಕ್ಕೆ ಹೋಗುತ್ತಾರೆ. ಅಲ್ಲಿ ನಡೆಯುವುದು ಔಷಧ ಕಂಪನಿಯ ಊಟ ಎಂದು ಮೆಡಿಕಲ್ ಶಾಪಿನವರು ಹೇಳುತ್ತಾರೆ. ನಿಜವೇ? — ಒಬ್ಬ ಅಡಿಕೆ ಬೆಳೆಗಾರ, ಹೊಸನಗರ

ಉತ್ತರ: ಊಟ ನಿಜ. ಚೆನ್ನಾಗಿರುತ್ತದೆ ಎಂಬುದೂ ನಿಜ.

ನಮ್ಮಲ್ಲಿ ನಿಯಮ ಸರಳ. 2002ರ ವೃತ್ತಿ ನೀತಿ ನಿಯಮಾವಳಿಯ ಪ್ರಕಾರ ವೈದ್ಯರು ಐದು ವರ್ಷಕ್ಕೆ ಕನಿಷ್ಠ 30 ಗಂಟೆ ಇಂಥ ಸಭೆಗಳಲ್ಲಿ ಭಾಗವಹಿಸಬೇಕು. ಕರ್ನಾಟಕ ವೈದ್ಯಕೀಯ ಪರಿಷತ್ತಿನ ನೋಂದಣಿಯನ್ನು ಐದು ವರ್ಷಕ್ಕೊಮ್ಮೆ ನವೀಕರಿಸುವಾಗ ಈ ಲೆಕ್ಕ ಒಪ್ಪಿಸಬೇಕು. ಐದು ವರ್ಷಕ್ಕೆ 30 ಎಂದರೆ ವರ್ಷಕ್ಕೆ ಆರು. ಮೇಷ್ಟರ ಮೊಮ್ಮಗಳಿಗೆ ವರ್ಷಕ್ಕೆ ಐವತ್ತು. ಹೋಲಿಸಿ ನಾಚಿಕೊಳ್ಳಬೇಕೆಂದು ಹೇಳುತ್ತಿಲ್ಲ. ಬಾಗಿಲು ಮುಚ್ಚಿ ಹೋದರೆ ಇಡೀ ಹೋಬಳಿಗೆ ಬೇರೆ ಡಾಕ್ಟರಿಲ್ಲದ ಕಡೆ ಐವತ್ತು ಗಂಟೆ ಎಲ್ಲಿಂದ ತರುವುದು?

ಆದರೆ ಊಟಕ್ಕೆಂದೇ ಹೋದ ಒಂದು ಭಾನುವಾರದ ಕಥೆ ಹೇಳುತ್ತೇನೆ. ಬೆಳಗಿನ ಮೊದಲ ಬಸ್ಸು, ಮಂಡಗದ್ದೆ ದಾಟುವವರೆಗೂ ನಿದ್ದೆ. ನನ್ನ ಗಂಟೆಗಳು ಕಡಿಮೆ ಬಿದ್ದಿದ್ದವು, ವಿಷಯ ಏನೆಂದೂ ನೋಡಿರಲಿಲ್ಲ. ನೋಡಿದರೆ ಹಾವು ಕಡಿತ. ಆಗುಂಬೆಯ ಬುಡದಲ್ಲಿ ಇಪ್ಪತ್ತು ವರ್ಷ ಹಾವು ಕಡಿತ ನೋಡಿದ ನನಗೆ ಪಾಠವೇ ಎಂದು ಹಿಂದಿನ ಸಾಲಿನಲ್ಲಿ ಕಾಲು ಚಾಚಿ ಕೂತೆ.

ಅರ್ಧ ಗಂಟೆಯಲ್ಲಿ ಕಾಲು ಮಡಿಸಿ ಕೂತೆ. ಪ್ರತಿವಿಷ ಕೊಡುವ ಮೊದಲು ಚರ್ಮದಡಿ ಪರೀಕ್ಷಾ ಡೋಸ್ ಕೊಟ್ಟು ಅರ್ಧ ಗಂಟೆ ಕಾಯುತ್ತಿದ್ದೆನಲ್ಲ, ಅದರಿಂದ ಅಲರ್ಜಿ ಮುಂಚಿತವಾಗಿ ತಿಳಿಯುವುದಿಲ್ಲ, ಹೊತ್ತು ಹಾಳು, ಬಿಡಿ ಎಂದರು. ಕಡಿದ ಜಾಗದ ಮೇಲೆ ಬಿಗಿಯಾಗಿ ಹಗ್ಗ ಕಟ್ಟುವುದನ್ನು ಊರವರಿಗೆ ಹೇಳಿಕೊಟ್ಟವನೇ ನಾನು, ಕಟ್ಟಬಾರದು ಎಂದರು. ಮಕ್ಕಳಿಗೆ ಪ್ರತಿವಿಷ ಕಡಿಮೆ ಕೊಡುತ್ತಿದ್ದೆ. ಹಾವು ಮಗುವೆಂದು ವಿಷ ಕಡಿಮೆ ಬಿಡುತ್ತದೆಯೇ, ದೊಡ್ಡವರಷ್ಟೇ ಕೊಡಿ ಎಂದರು. ಮಂಡಲದ ಹಾವಿನ ವಿಷ ರಕ್ತಕ್ಕೆ ಏರಿದೆಯೇ ಎಂದು ತಿಳಿಯಲು ಪ್ರಯೋಗಾಲಯ ಬೇಕಿಲ್ಲ. ಹೊಸ, ಒಣಗಿದ ಗಾಜಿನ ನಳಿಕೆಯಲ್ಲಿ 2 ಮಿ.ಲೀ. ರಕ್ತ ಹಾಕಿ 20 ನಿಮಿಷ ಅಲುಗಿಸದೆ ಇಡಬೇಕು, ಆಮೇಲೆ ಒಮ್ಮೆ ಬಗ್ಗಿಸಬೇಕು, ಹೆಪ್ಪುಗಟ್ಟದೆ ಹರಿದರೆ ವಿಷ ಏರಿದೆ, ಅಷ್ಟೇ. ಪ್ಲಾಸ್ಟಿಕ್ ನಳಿಕೆ ಆಗದು, ಸೋಪಿನಲ್ಲಿ ತೊಳೆದ ಗಾಜೂ ಆಗದು. ಊಟ ಮುಗಿಸಿ ಡಜನ್ ಗಾಜಿನ ನಳಿಕೆ ಕೊಂಡು ಬಸ್ ಹತ್ತಿದೆ.

ಮೂರು ವಾರ ಕಳೆದಿರಬೇಕು, ಕೊನೆಕೊಯ್ಲಿನ ಸಮಯ. ಬಿದ್ದ ಅಡಿಕೆ ಹೆಕ್ಕುತ್ತಿದ್ದ ಹೆಣ್ಣುಮಗಳೊಬ್ಬಳನ್ನು ಜೀಪಿನಲ್ಲಿ ತಂದರು. ಕಾಲು ಸ್ವಲ್ಪ ಊದಿತ್ತು, ಮಾತು ಸರಿಯಾಗಿತ್ತು. ಮೊದಲಾಗಿದ್ದರೆ ನೋಡೋಣ ಎಂದು ಕೂರಿಸಿಕೊಳ್ಳುತ್ತಿದ್ದೆ. ನಳಿಕೆಗೆ ರಕ್ತ ಹಾಕಿ ಗಡಿಯಾರ ನೋಡುತ್ತಾ ಕೂತೆ. ಇಪ್ಪತ್ತು ನಿಮಿಷದ ಮೇಲೆ ಬಗ್ಗಿಸಿದರೆ ರಕ್ತ ನೀರಿನಂತೆ ಹರಿಯಿತು. ಅದೇ ಜೀಪಿನಲ್ಲಿ ನಾನೂ ಹತ್ತಿ ತಾಲ್ಲೂಕು ಆಸ್ಪತ್ರೆಗೆ ಹೋದೆ, ಪರೀಕ್ಷಾ ಡೋಸಿಲ್ಲದೆ ಪ್ರತಿವಿಷ ಶುರುವಾಯಿತು. ಆಕೆ ಬದುಕಿದಳು. ಈಗಲೂ ಎಳ್ಳಮಾವಾಸ್ಯೆ ಜಾತ್ರೆಯಲ್ಲಿ ಸಿಕ್ಕಿದರೆ ಬತ್ತಾಸು ಕೊಡಿಸುತ್ತಾಳೆ.

ಹಾಗಾಗಿ ನಿಮ್ಮ ಡಾಕ್ಟರು ಚೀಟಿ ಅಂಟಿಸಿದರೆ ಸಿಟ್ಟಾಗಬೇಡಿ. ನನ್ನ ಸಿಟ್ಟು ಬೇರೆ ಕಡೆಗಿದೆ. ನಮ್ಮ 30 ಗಂಟೆಯೊಳಗೆ ‘ಇದನ್ನು ಕಲಿತೇ ತೀರಬೇಕು’ ಎನ್ನುವ ಸಣ್ಣ ಗಂಟೆಗಳಿಲ್ಲ. ತಣ್ಣನೆಯ ಹೋಟೆಲ್ ಸಭಾಂಗಣದಲ್ಲಿ ಸಕ್ಕರೆ ಕಾಯಿಲೆಯ ಹೊಸ ಮಾತ್ರೆಯ ಗುಣಗಾನ ಕೇಳಿದರೂ ಗಂಟೆ ಗಂಟೆಯೇ, ಹಾವಿನ ಪಾಠ ಕೇಳಿದರೂ ಗಂಟೆಯೇ. ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಪತ್ತೆಯಾದ, ಉಣುಗು ಕಚ್ಚಿ ಹರಡುವ ಮಂಗನ ಕಾಯಿಲೆ ಇಂದಿಗೂ ನಮ್ಮನ್ನು ಬಿಟ್ಟಿಲ್ಲ. ಹಿಂದೆ ಕೊಡುತ್ತಿದ್ದ ಲಸಿಕೆ ನಿಂತಿದೆ. ಉಣುಗು ಕಚ್ಚದಂತೆ ಮೈಗೆ ಹಚ್ಚಲು ಡಿ.ಎಂ.ಪಿ. ತೈಲ ಕೊಡುತ್ತಿದ್ದವರು ಈಗ ಡೀಪಾ ತೈಲ ಕೊಡುತ್ತಾರೆ. ಬೇರೆ ಜಿಲ್ಲೆಯಿಂದ ವರ್ಗವಾಗಿ ಬಂದ ಎಳೆಯ ಡಾಕ್ಟರಿಗೆ ಇದನ್ನು ಯಾರು ಹೇಳಬೇಕು? ಜನವರಿಯಲ್ಲಿ ಜ್ವರ, ಮೈಕೈ ನೋವು ಎಂದು ಬಂದವರನ್ನು ‘ಸೊಪ್ಪಿಗೆ ಬೆಟ್ಟಕ್ಕೆ ಹೋಗಿದ್ದಿರಾ, ಹತ್ತಿರದಲ್ಲಿ ಮಂಗ ಸತ್ತಿತ್ತಾ’ ಎಂದು ಕೇಳಬೇಕೆಂದು ಆ ಡಾಕ್ಟರಿಗೆ ಹೊಳೆಯುವುದು ಹೇಗೆ? ಕೊಳಕುಮಂಡಲ, ನಾಗರ, ಕಟ್ಟುಹಾವು, ಗರಗಸ ಮಂಡಲ ಈ ನಾಲ್ಕರ ವಿಷಕ್ಕೆ ಮಾತ್ರ ನಮ್ಮ ಪ್ರತಿವಿಷ ತಯಾರಾಗುತ್ತದೆ. ತರಗೆಲೆಯ ಬಣ್ಣದ, ಮೂಗು ಮೇಲೆದ್ದಿರುವ ನಮ್ಮ ಕಾಡಿನ ಸಣ್ಣ ಮಂಡಲಕ್ಕೆ ಅದು ಕೆಲಸ ಮಾಡುವುದಿಲ್ಲ. ಇದು ಬಳ್ಳಾರಿಯ ಡಾಕ್ಟರಿಗೆ ಬೇಕಾಗಲಿಕ್ಕಿಲ್ಲ, ಹೊಸನಗರದ ಡಾಕ್ಟರಿಗೆ ಬೇಕೇ ಬೇಕು. ಪೆನ್ಸಿಲ್ವೇನಿಯಾದವರು ತಮ್ಮ ಊರಿನ ಸಂಕಟಕ್ಕೆ ಎರಡೆರಡು ಗಂಟೆ ತೆಗೆದಿಟ್ಟಂತೆ, ಮಲೆನಾಡಿನಲ್ಲಿ ಕೆಲಸ ಮಾಡುವವರಿಗೆ ಹಾವಿಗೆ ಎರಡು ಗಂಟೆ, ಮಂಗನ ಕಾಯಿಲೆಗೆ ಎರಡು ಗಂಟೆ ಕಡ್ಡಾಯ ಮಾಡಲಿ. ಉಳಿದ ಇಪ್ಪತ್ತಾರರಲ್ಲಿ ಎಷ್ಟು ಬೇಕಾದರೂ ಊಟ ಹಾಕಲಿ.

ಪ್ರಶ್ನೆ: ಮೊಬೈಲ್‌ನಲ್ಲಿ ಆರು ತಿಂಗಳ ಆಸ್ಟಿಯೋಪಥಿ ಕೋರ್ಸಿನ ಜಾಹೀರಾತು ಬರುತ್ತಿದೆ. ಮುಗಿಸಿದರೆ ‘ಡಾ.’ ಎಂದು ಬೋರ್ಡು ಹಾಕಬಹುದಂತೆ. ಸೇರಲೇ? — ಬಿ.ಎ. ವಿದ್ಯಾರ್ಥಿ, ಭದ್ರಾವತಿ

ಉತ್ತರ: ಬೇಡ. ಅಮೆರಿಕದ ಡಿ.ಓ. ವೈದ್ಯರು. ಬೇರೆ ದೇಶಗಳ ಆಸ್ಟಿಯೋಪಾತ್‌ಗಳು ಸಾಮಾನ್ಯವಾಗಿ ಕೈಚಿಕಿತ್ಸಕರು, ಔಷಧಿ ಬರೆಯುವವರಲ್ಲ. ಬ್ರಿಟನ್ನಿನಲ್ಲಿ ಅವರಿಗೆಂದೇ 1993ರ ಕಾನೂನಿದೆ, ನೋಂದಣಿ ಇದೆ. ಅವರೂ ಮೂರು ವರ್ಷಕ್ಕೆ 90 ಗಂಟೆ ಕಲಿಯಬೇಕು, ಅದರಲ್ಲಿ ಅರ್ಧದಷ್ಟನ್ನು ಒಬ್ಬರೇ ಕೂತು ಓದದೆ ಇತರರ ಜೊತೆ ಸೇರಿ ಕಲಿಯಬೇಕು. ಪದವಿ ಮುಗಿದ ಮೇಲೆ ಅವರು ಕಲಿಯುವ ಲೆಕ್ಕವೇ ಇಷ್ಟಿರುವಾಗ, ಆರು ತಿಂಗಳಲ್ಲಿ ಮೊಬೈಲ್ ನೋಡಿ ಇನ್ನೊಬ್ಬರ ಕತ್ತು ತಿರುಗಿಸಲು ಹೊರಡುವ ಧೈರ್ಯ ನಿಮಗಿದ್ದರೂ ಕತ್ತಿನ ಯಜಮಾನನಿಗೆ ಇರಬೇಕಲ್ಲ. ಕೈಚಿಕಿತ್ಸೆಯಲ್ಲಿ ಆಸಕ್ತಿ ನಿಜವಾಗಿದ್ದರೆ ಫಿಸಿಯೋಥೆರಪಿ ಪದವಿಗೆ ಏನು ಓದಿರಬೇಕೆಂದು ವಿಚಾರಿಸಿ.

ಪ್ರಶ್ನೆ: ನಮ್ಮ ಯಜಮಾನರು ನಿಮಗೆ ಪತ್ರ ಬರೆದದ್ದು ಗೊತ್ತಾಯಿತು. ಮೊಮ್ಮಗಳು ಡಿಸೆಂಬರ್‌ನಲ್ಲಿ ಬರುತ್ತಾಳೆ. ನನಗೆ 78 ವರ್ಷ, ಬೆನ್ನು ನೋವು. ಅವಳ ಕೈಯಲ್ಲಿ ಬೆನ್ನು ಒತ್ತಿಸಿಕೊಳ್ಳಬಹುದೇ? — ಅದೇ ಮನೆಯ ಅಜ್ಜಿ

ಉತ್ತರ: ಅಮ್ಮಾ, ಪೆನ್ಸಿಲ್ವೇನಿಯಾದ ಪರವಾನಗಿ ತೀರ್ಥಹಳ್ಳಿಯಲ್ಲಿ ನಡೆಯುವುದಿಲ್ಲ. ಅವಳು ಜಗಲಿಯಲ್ಲಿ ಕೂತು ಊರವರನ್ನೆಲ್ಲ ನೋಡುವಂತಿಲ್ಲ, ಯಜಮಾನರು ಸಂಭ್ರಮದಲ್ಲಿ ಹೇಳಿಕಳುಹಿಸಿ ಜನ ಸೇರಿಸದಂತೆ ನೋಡಿಕೊಳ್ಳಿ. ಅಜ್ಜಿಯ ಬೆನ್ನಿಗೆ ಮೊಮ್ಮಗಳು ಎಣ್ಣೆ ಹಚ್ಚಿ ಮೆಲ್ಲಗೆ ಕೈಯಾಡಿಸುವುದಕ್ಕೆ ಯಾವ ಪರಿಷತ್ತಿನ ಅಪ್ಪಣೆಯೂ ಬೇಡ. ಒತ್ತಿ ತಿರುಗಿಸುವುದು ಮಾತ್ರ ಬೇಡ. ನಿಮ್ಮ ವಯಸ್ಸಿಗೆ ಮೂಳೆ ಟೊಳ್ಳಾಗಿರುವ ಸಾಧ್ಯತೆ ಹೆಚ್ಚು. ಅವಳು ಬರುವುದರೊಳಗೆ ಶಿವಮೊಗ್ಗಕ್ಕೆ ಹೋಗಿ ಮೂಳೆಸಾಂದ್ರತೆಯ ಪರೀಕ್ಷೆ ಮಾಡಿಸಿ, ವರದಿ ತೆಗೆದಿಟ್ಟಿರಿ. ಅವಳು ಮೊದಲು ಕೇಳುವುದೇ ಅದನ್ನು.

ಡಿಸೆಂಬರ್ ಎಂದರೆ ಉಣುಗು ಏಳುವ ಕಾಲ. ಕಾಡು ನೋಡುತ್ತೇನೆ ಎಂದು ಹೊರಟರೆ ತೈಲ ಹಚ್ಚಿ, ಉದ್ದ ತೋಳಿನ ಅಂಗಿ ಹಾಕಿಸಿ ಕಳುಹಿಸಿ. ಬಿಡುವಾದರೆ ನಮ್ಮ ಮನೆಗೂ ಬರಲಿ. ಸೀಸೆಯಲ್ಲಿ ಹಾಕಿಟ್ಟ ಉಣುಗು ನನ್ನಲ್ಲಿದೆ, ಎಳ್ಳಿನ ಕಾಳಿಗಿಂತ ಚಿಕ್ಕದು, ಭೂತಗನ್ನಡಿ ಕೊಟ್ಟು ತೋರಿಸುತ್ತೇನೆ. ಒಂದು ಗಂಟೆಯ ಪಾಠವಾಗುತ್ತದೆ. ಕ್ರೆಡಿಟ್ ಕೊಡುವ ಅಧಿಕಾರ ನನಗಿಲ್ಲ, ಊಟ ಮಾತ್ರ ಇರುತ್ತದೆ.