ಎಂಎಸ್‌ಡಬ್ಲ್ಯೂ ಮುಗಿಸಿ ಅಮೆರಿಕಕ್ಕೆ ಬಂದವರಿಗೆ

ಮಂಗಳೂರಿನಲ್ಲಿ ಎಂಎಸ್‌ಡಬ್ಲ್ಯೂ (ಸಮಾಜಕಾರ್ಯದ ಸ್ನಾತಕೋತ್ತರ ಪದವಿ) ಮುಗಿಸಿ, ಮದುವೆಯಾಗಿ, ಎಚ್-4 ವೀಸಾದಲ್ಲಿ, ಅಂದರೆ ಇಲ್ಲಿ ಕೆಲಸದ ವೀಸಾದಲ್ಲಿರುವ ಗಂಡನ ಅವಲಂಬಿತೆಯಾಗಿ, ಕೊಲರಾಡೊ ರಾಜ್ಯದ ಡೆನ್ವರ್‌ಗೆ ಬಂದಿದ್ದೀರಿ. ಟಿವಿ ಹಾಕಿದರೆ ಒಂದೋ ವಲಸೆಯ ಜಗಳ, ಇಲ್ಲವೇ ಆರೋಗ್ಯ ವಿಮೆಯ ಜಗಳ. ಇದರಲ್ಲಿ ಸೋಶಿಯಲ್ ವರ್ಕರ್‌ಗೆ ಏನು ಕೆಲಸ, ನನ್ನ ಡಿಗ್ರಿಗೆ ಇಲ್ಲಿ ಬೆಲೆ ಇದೆಯಾ ಅಂತ ಕೇಳಿದ್ದೀರಿ. ಅಕ್ಕ ಅಂತ ಬೇರೆ ಕರೆದಿದ್ದೀರಿ, ಹಾಗಾಗಿ ಸಲುಗೆಯಿಂದಲೇ ಬರೆಯುತ್ತೇನೆ.

ಮೊದಲನೆಯದಾಗಿ, ಅವು ಎರಡು ಜಗಳ ಅಲ್ಲ, ಒಂದೇ. 2009ರ ಸೆಪ್ಟೆಂಬರ್‌ನಲ್ಲಿ ಒಬಾಮಾ ಸಂಸತ್ತಿನಲ್ಲಿ ಆರೋಗ್ಯ ಸುಧಾರಣೆಯ ಬಗ್ಗೆ ಮಾತಾಡುತ್ತಾ, ದಾಖಲೆ ಇಲ್ಲದ ವಲಸಿಗರಿಗೆ ಇದು ಸಿಗಲ್ಲ ಅಂದರು. ಅಷ್ಟರಲ್ಲೇ ಜೋ ವಿಲ್ಸನ್ ಎಂಬ ಸಂಸದರು ಕೂತಲ್ಲಿಂದಲೇ ಸುಳ್ಳು ಅಂತ ಕೂಗಿದರು. ಆದರೆ 2010ರಲ್ಲಿ ಬಂದ ಕಾನೂನು ನೋಡಿ: ದಾಖಲೆ ಇಲ್ಲದವರು ಪೂರ್ತಿ ದುಡ್ಡು ಕೈಯಿಂದ ಕೊಡುತ್ತೇವೆ ಅಂದರೂ ಸರ್ಕಾರದ ಮಾರ್ಕೆಟ್‌ಪ್ಲೇಸ್‌ನಲ್ಲಿ ವಿಮೆ ಕೊಳ್ಳುವ ಹಾಗಿಲ್ಲ.

ಇದರ ಬಿಸಿ ಎಲ್ಲಿ ತಟ್ಟುತ್ತದೆ ಅಂದರೆ, ಡಯಾಲಿಸಿಸ್ ಕುರ್ಚಿಯಲ್ಲಿ. ನಾನು ಕೆಲಸ ಮಾಡುವುದು ಅಲ್ಲೇ. ಇಲ್ಲಿ ಪ್ರತಿ ಡಯಾಲಿಸಿಸ್ ಸೆಂಟರ್‌ನಲ್ಲೂ ಸ್ನಾತಕೋತ್ತರ ಓದಿದ ಸೋಶಿಯಲ್ ವರ್ಕರ್ ಇರಲೇಬೇಕು ಅಂತ ಕೇಂದ್ರ ಸರ್ಕಾರದ ನಿಯಮವಿದೆ. ಕಿಡ್ನಿ ಫೇಲ್ ಆದವರಿಗೆ ವಾರಕ್ಕೆ ಮೂರು ಸಲ ಡಯಾಲಿಸಿಸ್ ಬೇಕು. ಆದರೆ ಕಾಗದ ಇಲ್ಲದ ಮೇಸ್ತ್ರಿಗೋ, ಹೋಟೆಲ್‌ನಲ್ಲಿ ಪಾತ್ರೆ ತೊಳೆಯುವವನಿಗೋ ಹಲವು ರಾಜ್ಯಗಳಲ್ಲಿ ಆ ಮೂರು ಸಲ ಸಿಗುವುದಿಲ್ಲ. 1986ರ ಕಾನೂನಿನ ಪ್ರಕಾರ ಎಮರ್ಜೆನ್ಸಿಗೆ ಬಂದವರನ್ನು ಯಾವ ದೇಶದವರು ಅಂತ ಕೇಳದೆ ನೋಡಲೇಬೇಕು. ಅವರಿಗಿರುವ ದಾರಿ ಅದೊಂದೇ, ಹಾಗಾಗಿ ಜೀವಕ್ಕೆ ಅಪಾಯ ಅನ್ನುವವರೆಗೆ ಕಾಯಬೇಕು. ಕಾಲು ಊದಿ, ಮಲಗಿದರೆ ಉಸಿರು ಕಟ್ಟಿ, ಆಮೇಲೆ ಬರುವುದು. ರಕ್ತ ಪರೀಕ್ಷೆಯಲ್ಲಿ ಪೊಟ್ಯಾಸಿಯಂ (ಕಿಡ್ನಿ ಕೆಟ್ಟಾಗ ರಕ್ತದಲ್ಲಿ ಏರಿ ಹೃದಯವನ್ನೇ ನಿಲ್ಲಿಸಬಲ್ಲ ಲವಣ) ಸಾಕಷ್ಟು ಏರಿಲ್ಲ ಅಂದರೆ ವಾಪಸ್ ಮನೆಗೆ! ಏರಲಿ ಅಂತಲೇ ಕಿತ್ತಳೆ ಜ್ಯೂಸ್ ಕುಡಿದು ಬರುವವರಿದ್ದರು.

ಕೊಲರಾಡೊದಲ್ಲೂ ಹೀಗೇ ಇತ್ತು. ಡೆನ್ವರ್‌ನ ವೈದ್ಯೆ ಲಿಲಿಯಾ ಸರ್ವಾಂಟೆಸ್ ಮತ್ತು ಜೊತೆಗಾರರು 2018ರಲ್ಲಿ ಲೆಕ್ಕ ಹಾಕಿ ತೋರಿಸಿದರು: ಹೀಗೆ ಎಮರ್ಜೆನ್ಸಿಯಲ್ಲಷ್ಟೇ ಡಯಾಲಿಸಿಸ್ ಸಿಕ್ಕವರು ಐದು ವರ್ಷದೊಳಗೆ ಸಾಯುವ ಸಂಭವ, ನಿಯಮಿತವಾಗಿ ಸಿಕ್ಕವರಿಗಿಂತ ಸುಮಾರು 14 ಪಟ್ಟು ಜಾಸ್ತಿ. 2019ರಲ್ಲಿ ರಾಜ್ಯ ಸರ್ಕಾರ ಕಿಡ್ನಿ ಫೇಲ್ ಆಗಿರುವುದೇ ಎಮರ್ಜೆನ್ಸಿ ಅಂತ ಒಪ್ಪಿ, ವಾರಕ್ಕೆ ಮೂರು ಸಲಕ್ಕೂ ದುಡ್ಡು ಕೊಡಲು ಶುರು ಮಾಡಿತು. ಹೊಸ ಕಾನೂನೇ ಬೇಕಾಗಲಿಲ್ಲ, ಇದ್ದದ್ದನ್ನೇ ಬೇರೆ ರೀತಿ ಓದಿದರು, ಅಷ್ಟೆ. ನಮ್ಮ ಪಾತ್ರ ಇರುವುದು ಇಂಥ ಕಡೆ. ಡಾಕ್ಟರ ಹತ್ತಿರ ಪೊಟ್ಯಾಸಿಯಂ ಲೆಕ್ಕ ಇರುತ್ತದೆ. ಕೆಲಸ ಯಾವಾಗ ಹೋಯಿತು, ಮಕ್ಕಳು ರಾತ್ರಿ ಯಾರ ಮನೆಯಲ್ಲಿದ್ದರು ಅನ್ನುವುದು ಬರೆದಿರುವುದು ನಮ್ಮ ಫೈಲಿನಲ್ಲಿ. ಹೆಸರು ತೆಗೆದು ಅದನ್ನು ಅಧಿಕಾರಿಗಳ ಮುಂದೆ ಇಡುವುದೂ ಕೆಲಸವೇ. ಇಲ್ಲಿನ ಸೋಶಿಯಲ್ ವರ್ಕರ್‌ಗಳ ರಾಷ್ಟ್ರೀಯ ಸಂಘದ ನೀತಿ ಸಂಹಿತೆಯಲ್ಲೇ ಹಾಗಿದೆ.

ನಮ್ಮವರಲ್ಲಿ ಒಂದು ಮಾತಿದೆ, ನೀವೂ ಪಾರ್ಟಿಗಳಲ್ಲಿ ಕೇಳುತ್ತೀರಿ: ‘ನಾವು ಲೀಗಲ್ಲಾಗಿ ಬಂದವರು, ಅದು ನಮ್ಮ ವಿಷಯ ಅಲ್ಲ.’ ನನಗೆ ಇದು ಕೇಳಿದರೆ ರೇಗುತ್ತದೆ. 1996ರ ಕಾನೂನಿನಿಂದಾಗಿ ಗ್ರೀನ್ ಕಾರ್ಡ್ ಸಿಕ್ಕ ಹೆಚ್ಚಿನವರು ಬಡವರ ಸರ್ಕಾರಿ ವಿಮೆಯಾದ ಮೆಡಿಕೇಡ್‌ಗೆ ಐದು ವರ್ಷ ಕಾಯಬೇಕು. 65 ದಾಟಿದ ಅಪ್ಪ-ಅಮ್ಮನನ್ನು ಗ್ರೀನ್ ಕಾರ್ಡ್ ಮಾಡಿಸಿ ಕರೆಸಿಕೊಂಡರೆ, ಇಲ್ಲಿ ದುಡಿಯದ ಅವರು ದುಡ್ಡು ಕಟ್ಟಿ ಹಿರಿಯರ ಸರ್ಕಾರಿ ವಿಮೆಯಾದ ಮೆಡಿಕೇರ್‌ಗೆ ಸೇರಲೂ ಐದು ವರ್ಷ ಇಲ್ಲಿ ವಾಸ ಇರಬೇಕು. ಅಪ್ಪನಿಗೆ ಸ್ಟ್ರೋಕ್ ಆದ ದಿನ ಆ ಮಾತು ಆಡಿದವರೇ ಸೋಶಿಯಲ್ ವರ್ಕರ್ ಎಲ್ಲಿ ಅಂತ ಹುಡುಕುತ್ತಾರೆ. (ಅಂಥ ದಿನ ಬಂದರೆ ಎರಡು ವಿಷಯ ಕೇಳಿ: ಹಣಕಾಸು ನೆರವಿನ ಅರ್ಜಿ ಮತ್ತು ಕನ್ನಡ ದುಭಾಷಿ. ಲಾಭರಹಿತ ಆಸ್ಪತ್ರೆಗಳು ನೆರವಿನ ನಿಯಮಗಳನ್ನು ಬರೆದಿಟ್ಟಿರಲೇಬೇಕು. ದುಭಾಷಿ ಫೋನಿನಲ್ಲಿ ಸಿಗುತ್ತಾರೆ, ಬಿಟ್ಟಿ. ಮೊಮ್ಮಗನ ಕೈಲಿ ತರ್ಜುಮೆ ಮಾಡಿಸಬೇಡಿ.)

ಇನ್ನು ನಿಮ್ಮ ಡಿಗ್ರಿ. ಬೆಲೆ ಇದೆ, ಆದರೆ ಹಾಗೇ ನಡೆಯಲ್ಲ. ಸೋಶಿಯಲ್ ವರ್ಕ್ ಶಿಕ್ಷಣ ಮಂಡಳಿಯಿಂದ ನಿಮ್ಮ ಎಂಎಸ್‌ಡಬ್ಲ್ಯೂ ಇಲ್ಲಿನದಕ್ಕೆ ಸಮ ಅಂತ ಪತ್ರ ಬೇಕು. ಆಮೇಲೆ ರಾಜ್ಯದ ಲೈಸೆನ್ಸ್, ಪರೀಕ್ಷೆ. ಎಚ್-4ನಲ್ಲಿ ದುಡಿಯಲು ಇಎಡಿ (ಕೆಲಸದ ಪರವಾನಗಿ) ಬೇಕು, ಅದಕ್ಕೆ ಸಾಮಾನ್ಯವಾಗಿ ಗಂಡನ ಐ-140, ಅಂದರೆ ಗ್ರೀನ್ ಕಾರ್ಡ್‌ಗಾಗಿ ಕಂಪನಿ ಹಾಕುವ ಅರ್ಜಿ, ಮಂಜೂರಾಗಿರಬೇಕು. ಅಲ್ಲಿಯವರೆಗೆ ಎಲ್ಲರೂ ಸ್ವಯಂಸೇವಕರಾಗಿಯೇ ಮಾಡುವ ಕೆಲಸಕ್ಕೆ ಸೇರಿ. ಸಂಬಳದ ಹುದ್ದೆಯ ಕೆಲಸವನ್ನು ಬಿಟ್ಟಿ ಮಾಡಿಸಿಕೊಳ್ಳುವವರ ಹತ್ತಿರ ಹೋಗಬೇಡಿ, ವೀಸಾಕ್ಕೆ ತೊಂದರೆ.

ವೀಸಾದಲ್ಲಿರುವ ನಾನು ಇಂಥ ವಿಷಯದಲ್ಲಿ ಬಾಯಿ ಬಿಡಬಹುದಾ ಅಂತಲೂ ಕೇಳಿದ್ದೀರಿ. ಪ್ರತಿನಿಧಿಗೆ ಪತ್ರ ಬರೆಯಲು, ಡೆನ್ವರ್‌ನ ಕ್ಯಾಪಿಟಲ್‌ನಲ್ಲಿ (ರಾಜ್ಯದ ಶಾಸನಸಭೆ) ಮಸೂದೆ ಬಗ್ಗೆ ಸಮಿತಿ ಮುಂದೆ ಮಾತಾಡಲು ಪೌರತ್ವ ಬೇಕಿಲ್ಲ. ಆದರೆ ವೀಸಾದಲ್ಲಿರುವ ನೀವು ಅಭ್ಯರ್ಥಿಗೆ ದುಡ್ಡು ಕೊಡುವ ಹಾಗಿಲ್ಲ. ಡ್ರೈವಿಂಗ್ ಲೈಸೆನ್ಸ್ ಮಾಡಿಸುವಾಗ ಮತದಾರರ ಪಟ್ಟಿಗೆ ಸೇರುತ್ತೀರಾ ಅಂತ ಕೇಳಿದರೆ ಖಂಡಿತ ಬೇಡ ಅನ್ನಿ. ಸುಮ್ನೆ ಟಿಕ್ ಹಾಕಿದರೆ ಮುಂದೆ ಗ್ರೀನ್ ಕಾರ್ಡ್‌ಗೇ ಕುತ್ತು.

ಡಿಗ್ರಿ ಸಮ ಅನ್ನುವ ಆ ಪತ್ರಕ್ಕಾಗಿ ಇವತ್ತೇ ಮಾಡಬೇಕಾದ್ದು ಒಂದಿದೆ. ಊರಲ್ಲಿರುವ ತಮ್ಮನನ್ನೋ ಗೆಳತಿಯನ್ನೋ ಕಾಲೇಜಿಗೆ ಕಳಿಸಿ, ಅಂಕಪಟ್ಟಿಗಳ ಜೊತೆ ಫೀಲ್ಡ್‌ವರ್ಕ್ ಎಷ್ಟು ಗಂಟೆ ಆಗಿದೆ ಅಂತ ಲೆಟರ್‌ಹೆಡ್‌ನಲ್ಲಿ ಬರೆಸಿಕೊಳ್ಳಿ.